ಬಸ್ಸು ಆಗದವರ ಪ್ರವಾಸ

ನಮ್ಮಮ್ಮ ಅರವತ್ತು ದಾಟುವವರೆಗೂ ಧರ್ಮಸ್ಥಳ ನೋಡಿರಲಿಲ್ಲ. ಮನೆಯವರು ಪ್ರವಾಸ ಹೊರಟಾಗಲೆಲ್ಲ ಹಿಂದಿನ ರಾತ್ರಿ ಬುತ್ತಿಗೆ ಚಪಾತಿ ಲಟ್ಟಿಸಿ, ಚಟ್ನಿಪುಡಿ ಕಟ್ಟಿ, ಹರಕೆಯ ಕಾಣಿಕೆಯನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಹಾಕಿ ನಮ್ಮ ಕೈಗೆ ಕೊಟ್ಟು, "ನಂಗೆ ಬಸ್ ಆಗಲ್ಲ ಕಣವ್ವ, ನೀವು ಹೋಗ್ಬನ್ನಿ" ಅನ್ನುತ್ತಿದ್ದಳು. ಬಸ್ಸು ಹತ್ತಿದರೆ ವಾಂತಿಯಾಗುವ ಅದೇ ತೊಂದರೆ ನನಗೂ ಬಂತು, ನನ್ನ ಮಗಳಿಗೂ ಬಂತು. ಅದರಿಂದ ಪಟ್ಟ ಪಾಡನ್ನೂ ಅದಕ್ಕೆ ಸಿಕ್ಕ ಪರಿಹಾರವನ್ನೂ ನಮ್ಮಂಥ ಬೇರೆಯವರಿಗೆ ತಿಳಿಸಬೇಕು ಅಂತ ಬರೆಯುತ್ತಿದ್ದೇನೆ.

ನಮ್ಮ ಬಲಸಮುದ್ರ ಬಯಲುಸೀಮೆಯ ಊರು. ಇಲ್ಲಿಂದ ಸಂತೆಗೆ, ಆಸ್ಪತ್ರೆಗೆ, ಕೋರ್ಟಿಗೆ ಅಂತ ಮಧುಗಿರಿಗೋ ಸಿರಾಕ್ಕೋ ಹೋಗಬೇಕಾದರೆ ನಿಂಬೆಹಣ್ಣು ಮೂಸಿಕೊಂಡು, ಕಣ್ಣು ಮುಚ್ಚಿ ಹೇಗೋ ಹೋಗಿಬರಬಹುದು. ಮಧುಗಿರಿ, ಬಡವನಹಳ್ಳಿ, ಸಿರಾ, ಬುಕ್ಕಾಪಟ್ಟಣ, ಹುಳಿಯಾರಿನ ಮೇಲೆ ಪಡುವಣಕ್ಕೆ ಹೋಗುವ ದಾರಿಗೆ ಹಿಂದೆ 234ನೇ ರಾಷ್ಟ್ರೀಯ ಹೆದ್ದಾರಿ ಅನ್ನುತ್ತಿದ್ದರು. ಅದು ಬಾಣಾವರ, ಬೇಲೂರು, ಮೂಡಿಗೆರೆ ದಾಟಿ, ಕೊಟ್ಟಿಗೆಹಾರದ ಆಚೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಿತ್ತು. ಬೇಲೂರಿನವರೆಗೆ ಅದು ನಮಗೆ ಗೊತ್ತಿರುವಂಥ ರಸ್ತೆಯೇ. ಮೂಡಿಗೆರೆ ಬಿಟ್ಟ ಮೇಲೆ ಕಾಫಿ ತೋಟದ ನಡುವೆ ತಿರುವುಗಳು ಶುರುವಾಗುತ್ತವೆ. ಅಲ್ಲಿಂದಲೇ ನಮ್ಮ ಕಷ್ಟವೂ ಶುರು.

ಮಗಳು ಐದನೇ ಕ್ಲಾಸು ಮುಗಿಸಿದ ಬೇಸಿಗೆ ರಜೆಯಲ್ಲಿ ನೆಂಟರೆಲ್ಲ ಸೇರಿ ಒಂದು ಟೀಟಿ ವ್ಯಾನು ಗೊತ್ತು ಮಾಡಿ ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೊರಟೆವು. ಹೊರಡುವ ಮುಂಚೆ ಪ್ರತಿಯೊಬ್ಬರೂ ಒಂದೊಂದು ಮದ್ದು ಹೇಳಿದರು. ಹುಣಸೆಹಣ್ಣಿಗೆ ಉಪ್ಪು, ಜೀರಿಗೆ ಹಾಕಿ ಕುಟ್ಟಿದ ಉಂಡೆಯನ್ನು ಚಿಕ್ಕಮ್ಮ ಕೊಟ್ಟರು. ಲವಂಗ ದವಡೆಯಲ್ಲಿ ಇಟ್ಟುಕೋ ಅಂದರು ಅತ್ತೆ. ಸೀಟಿನ ಮೇಲೆ ನ್ಯೂಸ್ ಪೇಪರ್ ಹಾಸಿ ಕೂತರೆ ಆಗಲ್ಲ ಅಂದರು ಇನ್ನೊಬ್ಬರು. ಔಷಧಿ ಅಂಗಡಿಯಲ್ಲಿ "ವಾಂತಿ ಮಾತ್ರೆ ಕೊಡಿ" ಅಂದಾಗ ಒಂದು ಪಟ್ಟಿ ಕೊಟ್ಟರು. ಯಾವಾಗ ನುಂಗಬೇಕು, ಯಾವ ವಾಂತಿಗೆ ಅಂತ ಅವರು ಕೇಳಲೂ ಇಲ್ಲ, ಹೇಳಲೂ ಇಲ್ಲ.

ಮೂಡಿಗೆರೆ ದಾಟಿದ ಸ್ವಲ್ಪ ಹೊತ್ತಿಗೆ ಮಗಳಿಗೆ ಒಂದರ ಹಿಂದೆ ಒಂದು ಆಕಳಿಕೆ ಬಂದವು. ಆಮೇಲೆ ಬಾಯಲ್ಲಿ ನೀರೂರತೊಡಗಿತು. ಹಣೆ ಮುಟ್ಟಿದರೆ ತಣ್ಣನೆ ಬೆವರು, ತುಟಿ ಬಿಳಿಚಿತ್ತು. ನನಗೂ ಅಷ್ಟರಲ್ಲಿ ಹೊಟ್ಟೆ ತೊಳಸುತ್ತಿತ್ತು. ಇಬ್ಬರೂ ಆ ಮಾತ್ರೆ ನುಂಗಿದೆವು. ಕೊಟ್ಟಿಗೆಹಾರದಲ್ಲಿ ಎಲ್ಲರೂ ನೀರುದೋಸೆ ತಿನ್ನಲು ಇಳಿದಾಗ ನಾವು ಗಾಡಿಯ ಹಿಂದೆ ನಿಂತು ವಾಂತಿ ಮಾಡುತ್ತಿದ್ದೆವು. ನುಂಗಿದ ಮಾತ್ರೆ ಹಾಗೇ ಹೊರಗೆ ಬಂತು.

ಘಾಟಿ ಇಳಿಯುವಾಗ ಆದದ್ದನ್ನು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಗಾಡಿ ಎಡಕ್ಕೆ ವಾಲಿದಾಗ ಒಂದು ಸಲ, ಬಲಕ್ಕೆ ವಾಲಿದಾಗ ಇನ್ನೊಂದು ಸಲ ಕರುಳೇ ಕಿತ್ತು ಬಂದಂತೆ ಆಗುತ್ತಿತ್ತು. ಹೊಟ್ಟೆಯಲ್ಲಿದ್ದದ್ದೆಲ್ಲ ಹೋದ ಮೇಲೆ ಹಳದಿ ಪಿತ್ತ, ಆಮೇಲೆ ಬರೀ ವಾಕರಿಕೆ. ಡೀಸೆಲ್ಲಿನ ವಾಸನೆ, ಯಾರೋ ಬಿಚ್ಚಿದ ಪುಳಿಯೋಗರೆಯ ವಾಸನೆ, ಮುಡಿದ ಮಲ್ಲಿಗೆಯ ವಾಸನೆ, ಯಾವುದನ್ನೂ ತಡೆಯಲು ಆಗಲಿಲ್ಲ. ಪ್ಲಾಸ್ಟಿಕ್ ಕವರನ್ನು ಸೆರಗಿನಲ್ಲಿ ಮುಚ್ಚಿ ಹಿಡಿದುಕೊಂಡೆ. ಮಗಳು ನನ್ನ ತೊಡೆಯ ಮೇಲೆ ಮಲಗಿ "ಅಮ್ಮಾ, ನನ್ನ ಇಲ್ಲೇ ಇಳಿಸಿಬಿಡು" ಅಂದಳು. ಅಣ್ಣಪ್ಪಸ್ವಾಮಿ ಗುಡಿಯ ಹತ್ತಿರ ಗಾಡಿ ನಿಂತಾಗ ಉಳಿದವರು ಕೈಮುಗಿದು ಕಣಿವೆ ನೋಡಿದರು. ನಮಗೆ ತಲೆ ಎತ್ತಲೂ ಆಗಲಿಲ್ಲ. "ಮನಸ್ಸು ಗಟ್ಟಿ ಮಾಡ್ಕೊಬೇಕು, ಎಲ್ಲಾ ಭ್ರಮೆ" ಅಂತ ಒಬ್ಬರು ಅಂದರು. ಹತ್ತು ವರ್ಷದ ಮಗು ಕಣ್ಣುಗುಡ್ಡೆ ತೇಲಿಸಿಕೊಂಡು ಮಲಗಿರುವಾಗ ಆ ಮಾತು ಕೇಳಿಸಿಕೊಳ್ಳುವುದು ವಾಂತಿಗಿಂತ ಕಷ್ಟವಾಗಿತ್ತು.

ಘಾಟಿಯ ಬುಡದ ಒಂದು ಊರಿನಲ್ಲಿ ಚಿಕ್ಕ ಕ್ಲಿನಿಕ್ ಕಂಡು ಗಾಡಿ ನಿಲ್ಲಿಸಿದೆವು. ಮಗಳ ನಾಲಿಗೆ ಒಣಗಿತ್ತು, ಬೆಳಗ್ಗಿಂದ ಮೂತ್ರ ಹೋಗಿರಲಿಲ್ಲ. ವೈದ್ಯರು ಓಆರ್‌ಎಸ್ ಕರಗಿಸಿ, ಒಮ್ಮೆಲೇ ಕುಡಿಸದೆ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡಿಸಿದರು. ನಮ್ಮ ಕೈಯಲ್ಲಿದ್ದ ಪಟ್ಟಿ ನೋಡಿ, "ಇದು ವಾಂತಿಯ ಮಾತ್ರೆಯೇ, ಆದರೆ ಈ ವಾಂತಿಯದ್ದಲ್ಲ" ಅಂದರು. ಅದು ಒಂಡಾನ್‌ಸೆಟ್ರಾನ್. ಹೊಟ್ಟೆ ಕೆಟ್ಟಾಗ, ಆಪರೇಷನ್ ಆದ ಮೇಲೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬರುವ ವಾಂತಿಗೆ ಅದು ಒಳ್ಳೆಯ ಔಷಧಿ. ಪ್ರಯಾಣದ ವಾಂತಿ ಹುಟ್ಟುವುದು ಹೊಟ್ಟೆಯಲ್ಲಲ್ಲ, ಕಿವಿಯಲ್ಲಿ; ಅಲ್ಲಿಗೆ ಅದು ಅಷ್ಟಾಗಿ ನಾಟುವುದಿಲ್ಲ. ಇನ್ನೊಂದು ಮಾತನ್ನೂ ಅವರೇ ಹೇಳಿದರು: ವಾಕರಿಕೆ ಶುರುವಾದ ಮೇಲೆ ಹೊಟ್ಟೆ ತನ್ನ ಕೆಲಸ ನಿಧಾನ ಮಾಡಿಬಿಡುತ್ತದೆ, ಆಗ ಯಾವ ಮಾತ್ರೆ ನುಂಗಿದರೂ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಧರ್ಮಸ್ಥಳದಲ್ಲಿ ದರ್ಶನವೇನೋ ಆಯಿತು. ಅನ್ನಪೂರ್ಣ ಛತ್ರದ ಪಂಕ್ತಿಯಲ್ಲಿ ಕೂತು ಮಜ್ಜಿಗೆ ಅನ್ನ ಎರಡು ತುತ್ತು ತಿಂದೆವು. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಊರಿಗೆ ವಾಪಸು ಹೋಗಬೇಕಾದರೆ ಮತ್ತೆ ಅದೇ ಘಾಟಿ ಹತ್ತಬೇಕಲ್ಲ ಅನ್ನುವ ಹೆದರಿಕೆ. ಅಮ್ಮ ಅಷ್ಟು ವರ್ಷ ಬಾಗಿಲಲ್ಲೇ ಯಾಕೆ ನಿಂತುಬಿಡುತ್ತಿದ್ದಳು ಅನ್ನುವುದು ಆ ರಾತ್ರಿ ನನಗೆ ಪೂರ್ತಿ ತಿಳಿಯಿತು.

ಊರಿಗೆ ಬಂದ ಮೇಲೆ ಈ ಕಾಯಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಬಲ್ಲವರನ್ನು ಕೇಳಿದೆ. ಒಳಕಿವಿಯಲ್ಲಿ ಅರ್ಧ ಬಳೆಯಂಥ ಮೂರು ನಾಳಗಳಿವೆ. ತಲೆ ತಿರುಗಿದಂತೆಲ್ಲ ಅದರೊಳಗಿನ ದ್ರವ ಅಲುಗಿ, ಮೈ ಯಾವ ಕಡೆ ಹೊರಳುತ್ತಿದೆ ಅಂತ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಹಿಂದಿನ ಸೀಟಿನಲ್ಲಿ ಕೂತವರ ಕಣ್ಣಿಗೆ ಕಾಣುವುದು ಮುಂದಿನ ಸೀಟಿನ ಬೆನ್ನು ಮಾತ್ರ, ಅದು ಅಲುಗುವುದಿಲ್ಲ. ಕಿವಿ ಹೇಳುವುದಕ್ಕೂ ಕಣ್ಣು ಹೇಳುವುದಕ್ಕೂ ತಾಳೆಯಾಗದೆ ಮಿದುಳು ಕಂಗಾಲಾದಾಗ ವಾಕರಿಕೆ ಬರುತ್ತದೆ. ಮುಂದಿನ ತಿರುವು ಯಾವುದು ಅಂತ ಮೊದಲೇ ಗೊತ್ತಿರುವ ಡ್ರೈವರಿಗೆ ಇದು ಅಷ್ಟಾಗಿ ಬರುವುದಿಲ್ಲ. ಎರಡು ವರ್ಷದೊಳಗಿನ ಕೂಸುಗಳಲ್ಲಿ ಅಪರೂಪ. ಹತ್ತರ ಆಸುಪಾಸಿನ ಮಕ್ಕಳಲ್ಲಿ ತುಂಬಾ ಜೋರು. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು, ಅರೆತಲೆನೋವು ಇರುವವರಿಗೆ ಇನ್ನೂ ಹೆಚ್ಚು.

ಇದು ಮನಸ್ಸಿನ ದೌರ್ಬಲ್ಯ ಅಲ್ಲ ಅನ್ನುವುದಕ್ಕೆ ಗಟ್ಟಿ ಸಾಕ್ಷಿಯಿದೆ. 1960ರ ಆಸುಪಾಸಿನಲ್ಲಿ ಅಮೆರಿಕದ ನೌಕಾಪಡೆಯ ವಿಜ್ಞಾನಿಗಳು, ಒಳಕಿವಿ ಪೂರ್ತಿ ಹಾಳಾಗಿ ಕಿವುಡರಾಗಿದ್ದ ಗ್ಯಾಲೊಡೆಟ್ ಕಾಲೇಜಿನ 11 ಮಂದಿಯನ್ನು ಪ್ರಕ್ಷುಬ್ಧ ಕಡಲಿನಲ್ಲಿ ಹಡಗು ಹತ್ತಿಸಿದರು. ಪರೀಕ್ಷಿಸಲು ಹೋದವರು ವಾಂತಿ ಮಾಡಿ ಸುಸ್ತಾದರು, ಆ 11 ಮಂದಿಗೆ ಏನೂ ಆಗಲಿಲ್ಲ. ಬ್ರಿಟನ್ನಿನ ನೌಕಾಪಡೆಯ ಮಹಾ ಸೇನಾನಿ ನೆಲ್ಸನ್‌ಗೆ ಹಡಗು ಆಗುತ್ತಿರಲಿಲ್ಲ. 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಲೋಕ ಸುತ್ತಿದ ಡಾರ್ವಿನ್‌ಗೂ ಆಗುತ್ತಿರಲಿಲ್ಲ. ಮನಸ್ಸು ಗಟ್ಟಿ ಇಲ್ಲದವರು ಅಂತ ಅವರನ್ನು ಯಾರು ತಾನೇ ಹೇಳಿಯಾರು?

ಮುಂದಿನ ರಜೆಗೆ ಅಮ್ಮನನ್ನೂ ಕರೆದುಕೊಂಡು ಹೋಗಲೇಬೇಕು ಅಂತ ನಿಶ್ಚಯ ಮಾಡಿ, ಮೂವರೂ ನಮ್ಮ ಕಡೆಯ ಸರ್ಕಾರಿ ಆಸ್ಪತ್ರೆಯ ವೈದ್ಯರ ಹತ್ತಿರ ಹೋದೆವು. ಅವರು ಪ್ರೊಮೆಥಜೈನ್ ಬರೆದರು. ಅಂಗಡಿಗಳಲ್ಲಿ ಅದು ಅವೊಮಿನ್ ಅನ್ನುವ ಹೆಸರಿನಲ್ಲಿ ಸಿಗುತ್ತದೆ, ಒಂದು ಮಾತ್ರೆ 25 ಮಿಲಿಗ್ರಾಂ. ಅಲರ್ಜಿಗೆ ಕೊಡುವ ಔಷಧಿಗಳ ಜಾತಿಗೆ ಸೇರಿದ್ದು. ಅಲರ್ಜಿ ಔಷಧಿಗೂ ಬಸ್ಸಿಗೂ ಏನು ನಂಟು ಅನ್ನಿಸಬಹುದು. 1947ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಮೈತುಂಬ ದದ್ದು ಏಳುತ್ತಿದ್ದ ಒಬ್ಬ ಗರ್ಭಿಣಿಗೆ ಡೈಮೆನ್‌ಹೈಡ್ರಿನೇಟ್ ಅನ್ನುವ ಇದೇ ಜಾತಿಯ ಔಷಧಿ ಕೊಟ್ಟರು. ಆಸ್ಪತ್ರೆಗೆ ಟ್ರಾಮಿನಲ್ಲಿ ಬರುವಾಗ ಯಾವತ್ತೂ ಆಗುತ್ತಿದ್ದ ವಾಕರಿಕೆ ಈಗ ಆಗುತ್ತಿಲ್ಲ ಅಂತ ಆಕೆಯೇ ಹೇಳಿದಳು. ವೈದ್ಯರು ಅದನ್ನು ಕಡೆಗಣಿಸದೆ, ಅಟ್ಲಾಂಟಿಕ್ ದಾಟುವ ಸೈನಿಕರ ಹಡಗಿನಲ್ಲಿ ಕೊಟ್ಟು ನೋಡಿದರು. ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಿದ ಒಬ್ಬ ಹೆಂಗಸಿನಿಂದ ಲಕ್ಷಾಂತರ ಜನರಿಗೆ ದಾರಿಯಾಯಿತು ಅನ್ನುವುದು ನನಗೆ ದೊಡ್ಡ ಸಂಗತಿ.

ನಮ್ಮ ವೈದ್ಯರು ಅಮ್ಮನನ್ನು ಬಹಳ ಹೊತ್ತು ವಿಚಾರಿಸಿದರು. ಕಣ್ಣಿನ ಒತ್ತಡ ಇದೆಯೇ, ಮೂತ್ರ ಕಟ್ಟುತ್ತದೆಯೇ, ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರಿ? ಅಂಥವರಿಗೆ ಈ ಔಷಧಿ ತೊಂದರೆ ಕೊಡಬಹುದಂತೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜೈನ್ ಕೊಡಲೇಬಾರದು, ಉಸಿರಾಟಕ್ಕೆ ಅಪಾಯ. ದೊಡ್ಡ ಮಕ್ಕಳಿಗೂ ಪ್ರಮಾಣವನ್ನು ವೈದ್ಯರೇ ಹೇಳಬೇಕು. ನಿದ್ದೆ ಬರಿಸುತ್ತದೆ, ಬಾಯಿ ಒಣಗಿಸುತ್ತದೆ. ಗಾಡಿ ಓಡಿಸುವವರು ನುಂಗಬಾರದು, ಕುಡಿದವರಂತೂ ಮುಟ್ಟಬಾರದು. ಸಿನ್ನರಿಜಿನ್ ಅನ್ನುವ ಇನ್ನೊಂದು ಮಾತ್ರೆಯೂ ಇದೆ. ತಲೆಸುತ್ತಿಗೂ ಅದನ್ನು ಕೊಡುತ್ತಾರೆ. ಯಾವುದೇ ಆದರೂ ತಿರುವು ಶುರುವಾಗುವ ಒಂದೆರಡು ಗಂಟೆ ಮುಂಚೆ ಹೊಟ್ಟೆ ಸೇರಿರಬೇಕು. ಪ್ರವಾಸದ ದಿನ ಮೊದಲ ಸಲ ನುಂಗದೆ, ಮನೆಯಲ್ಲೇ ಒಂದು ದಿನ ನುಂಗಿ ಎಷ್ಟು ನಿದ್ದೆ ಬರುತ್ತದೆ ನೋಡಿಕೊಳ್ಳಿ ಅಂದರು. ಹಾಗೇ ಮಾಡಿದೆವು.

ಮನೆಮದ್ದನ್ನೂ ಬಿಡಲಿಲ್ಲ. ಶುಂಠಿಯ ಬಗ್ಗೆ ನಡೆದ ಪರೀಕ್ಷೆಗಳು ಒಂದೊಂದು ಒಂದೊಂದು ರೀತಿ ಹೇಳುತ್ತವೆ, ಆದರೆ ಅದು ನಿದ್ದೆ ಬರಿಸುವುದಿಲ್ಲ. ಅದಕ್ಕೇ ಮಧುಗಿರಿ, ಸಿರಾಕ್ಕೆ ಹೋಗಿಬರಲು ನಾನು ಒಣಶುಂಠಿ ಚೂರು ಬಾಯಲ್ಲಿಟ್ಟುಕೊಳ್ಳುತ್ತೇನೆ. ನಿಂಬೆಯ ಪರಿಮಳ ಡೀಸೆಲ್ ವಾಸನೆಯನ್ನು ಮರೆಸುತ್ತದೆ, ಹುಣಸೆ ಉಂಡೆ ಬಾಯಿಯ ಕೆಟ್ಟ ರುಚಿ ಕಳೆಯುತ್ತದೆ. ಇವು ಸಮಾಧಾನ ಕೊಡುತ್ತವೆ, ಘಾಟಿಗೆ ಸಾಲುವುದಿಲ್ಲ. ನ್ಯೂಸ್ ಪೇಪರಿನಿಂದ ನಮಗೆ ಏನೂ ಉಪಯೋಗ ಕಾಣಲಿಲ್ಲ.

ಆ ಸಲ ಡ್ರೈವರ್ ಪಕ್ಕದ ಸೀಟು ಅಮ್ಮನಿಗೆ ಕೊಟ್ಟೆವು, ನಾನೂ ಮಗಳೂ ಅವರ ಹಿಂದೆಯೇ ಕೂತೆವು. ಬೇಲೂರಿನಲ್ಲಿ ಇಡ್ಲಿ ಮಾತ್ರ ತಿಂದು ಮಾತ್ರೆ ನುಂಗಿದೆವು. ಮಗಳ ಕೈಯಿಂದ ಮೊಬೈಲ್ ತೆಗೆದಿಟ್ಟೆ. ದೂರದ ರಸ್ತೆಯನ್ನೇ ನೋಡಬೇಕು, ತಲೆಯನ್ನು ಸೀಟಿಗೆ ಒರಗಿಸಿ ಅಲುಗಿಸದೆ ಇಡಬೇಕು ಅಂತ ಮೊದಲೇ ಮಾತಾಗಿತ್ತು. ಡ್ರೈವರಿಗೂ ವಿಷಯ ಹೇಳಿದ್ದರಿಂದ ತಿರುವುಗಳಲ್ಲಿ ಅವರು ಜಗ್ಗಿ ಹೊಡೆಯಲಿಲ್ಲ. ಘಾಟಿಯಲ್ಲಿ ನನಗೆ ಒಂದಷ್ಟು ಹೊತ್ತು ಹೊಟ್ಟೆ ತೊಳಸಿತು, ವಾಂತಿಯಾಗಲಿಲ್ಲ. ಮಗಳಿಗೆ ಜೊಂಪು ಹತ್ತಿತು. ಅಮ್ಮ ತೂಕಡಿಸುತ್ತಲೇ ಕಣ್ಣು ಬಿಟ್ಟು, "ಇಷ್ಟೊಂದು ಹಸುರು ಇರ್ತದಾ?" ಅಂತ ಕೇಳಿದಳು. ಧರ್ಮಸ್ಥಳದಲ್ಲಿ ತನ್ನ ಕಾಣಿಕೆಯನ್ನು ತಾನೇ ಹುಂಡಿಗೆ ಹಾಕಿದಳು.

ನಮ್ಮ ಊರುಗಳಲ್ಲಿ ಗಾಡಿ ಗೊತ್ತು ಮಾಡುವವರು ಸಾಮಾನ್ಯವಾಗಿ ಗಂಡಸರು. ಬಸ್ಸು ಆಗದವರು ಹೆಚ್ಚಾಗಿ ಹೆಂಗಸರು, ಮಕ್ಕಳು. ಅಡ್ವಾನ್ಸ್ ಕೊಡುವ ಮುಂಚೆ ಮನೆಯಲ್ಲಿ ಒಂದು ಮಾತು ಕೇಳಿ, ಮುಂದಿನ ಸೀಟು ಅವರಿಗೆ ಬಿಡಿ, ಒಂದು ವಾರ ಮೊದಲೇ ವೈದ್ಯರಿಗೆ ತೋರಿಸಿ. ಇದಕ್ಕೆ ಆಗುವ ಖರ್ಚು ಬಹಳ ಕಡಿಮೆ. ಅದಿಲ್ಲದೆ ಜನ ಆಯುಷ್ಯವೆಲ್ಲ ಊರು ಬಿಡದೆ ಉಳಿಯುತ್ತಾರೆ.

ಅಮ್ಮ ಈಗ ಶೃಂಗೇರಿ, ಉಡುಪಿ ಅನ್ನುತ್ತಿದ್ದಾಳೆ. ಆಗುಂಬೆ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ ಅಂತ ಹೇಳಿದೆ. ಒಂದು ಕ್ಷಣ ಯೋಚಿಸಿ, "ಹಂಗಾದ್ರೆ ರಾತ್ರಿ ಶೃಂಗೇರೀಲಿ ಉಳ್ಕಂಡು, ಬೆಳಗ್ಗೆ ದರ್ಶನಕ್ಕೆ ಹೋಗೋ ಮುಂಚೆನೇ ಮಾತ್ರೆ ತಗಳಣ" ಅಂದಳು.