ಕದರಮಂಡಲಗಿಯಲ್ಲಿ ಪಿಯಾನೊ

ಪಾಶ್ಚಾತ್ಯ ಸಂಗೀತವೆಂದರೆ ನನಗೆ ಹಗೆಯೇನೂ ಇಲ್ಲ, ಪರಿಚಯವಿಲ್ಲ, ಅಷ್ಟೆ. ನಮ್ಮೂರು ಕದರಮಂಡಲಗಿಯಲ್ಲಿ ಸಂಗೀತವೆಂದರೆ ಕಾಂತೇಶನ ಗುಡಿಯ ಭಜನೆ. ಒಬ್ಬ ಹೇಳುವುದು, ಉಳಿದವರು ಅದನ್ನೇ ತಿರುಗಿ ಹೇಳುವುದು. ನೂರು ಜನ ನೂರು ವಾದ್ಯ ಹಿಡಿದು ನೂರು ತರಹ ನುಡಿಸಿದರೆ ಅದಕ್ಕೆ ನಾವು ಸಂತೆ ಎನ್ನುತ್ತೇವೆ.

ಇಂಥ ನನ್ನ ಕಿವಿಗೆ ಮೆಟ್ನರ್ ಬಿದ್ದದ್ದು ಬೆಂಗಳೂರಿನ ಗೆಳೆಯರೊಬ್ಬರ ಮನೆಯಲ್ಲಿ. ಚಹಾ ಬರುವ ತನಕ ಕೇಳಿರಿ ಎಂದು ಅವರು ಏನನ್ನೋ ಹಚ್ಚಿದರು. ಒಂದು ಪಿಯಾನೊ, ಅದರ ಎದುರಿಗೆ ಇಡೀ ವಾದ್ಯವೃಂದ. ಇದಕ್ಕೆ ಕಂಚೆರ್ಟೊ ಎನ್ನುತ್ತಾರಂತೆ. ಚಹಾ ಬಂತು, ಕುಡಿದೆ, ಸಂಗೀತ ಮುಗಿಯಲಿಲ್ಲ. ಮುಗಿಯಿತೆಂದು ಎರಡು ಸಲ ಎದ್ದು, ಎರಡು ಸಲವೂ ಕುಳಿತೆ. ಕೊನೆಗೆ ಹೊರಡುವಾಗ ಸೌಜನ್ಯಕ್ಕೆಂದು, "ಯಾರದಿದು?" ಎಂದೆ.

"ನಿಕೊಲಾಯ್ ಮೆಟ್ನರ್ ಎಂಬ ರಷ್ಯದವನದು. ಆದರೆ ಅವನ ಕೈಯಿಂದಲೇ ಕೇಳುವಂತಾದದ್ದು ಮೈಸೂರಿನ ಪುಣ್ಯ" ಎಂದರು.

ಆ ಮಾತಿಗೆ ಮೂರನೆಯ ಸಲ ಕುಳಿತೆ.

ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವನು. ರಾಖ್ಮಾನಿನೊಫನ ಗೆಳೆಯ, ಗೆಳೆಯನ ಕೀರ್ತಿ ಮಾತ್ರ ಇವನಿಗೆ ಬರಲಿಲ್ಲ. ಕ್ರಾಂತಿಯ ಬಳಿಕ ದೇಶ ಬಿಟ್ಟು ಅಲೆದು, 1935ರಲ್ಲಿ ಲಂಡನ್ನಿನಲ್ಲಿ ನೆಲೆಸಿದ. ಯುದ್ಧ ಬಂದು ಸಂಪಾದನೆ ಹೋಯಿತು. ಹೃದಯದ ಬೇನೆ ಬಂತು. ಅಂಥವನ ಕೃತಿಗಳನ್ನು ಅವನಿಂದಲೇ ನುಡಿಸಿ ಮುದ್ರಿಸಲು ಹಣ ಕೊಟ್ಟವರು ಮೈಸೂರಿನ ಜಯಚಾಮರಾಜ ಒಡೆಯರು. 1947ರಲ್ಲಿ ಮುದುಕ ತನ್ನ ಮೂರೂ ಕಂಚೆರ್ಟೊಗಳನ್ನು ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ನುಡಿಸಿದ. ಮೂರನೆಯದನ್ನು ಒಡೆಯರಿಗೆ ಅರ್ಪಿಸಿದ. 1951ರಲ್ಲಿ ತೀರಿಕೊಂಡ.

ಇದಿಷ್ಟೇ ಆಗಿದ್ದರೆ ದೊರೆಗಳ ಔದಾರ್ಯದ ಇನ್ನೊಂದು ಕಥೆಯೆಂದು ಮರೆತುಬಿಡುತ್ತಿದ್ದೆ. ಅಂದು ನಮ್ಮೂರು ಮುಂಬಯಿ ಪ್ರಾಂತದ್ದು. ಮೈಸೂರಿನ ದೊರೆ ನಮಗೆ ಪಟದೊಳಗಿನ ದೊರೆ. ಆದರೆ ಗೆಳೆಯರು ಮತ್ತೊಂದು ಮಾತು ಹೇಳಿದರು. ಒಡೆಯರಿಗೆ ತಾವೇ ಪಿಯಾನೊ ವಾದಕರಾಗಬೇಕೆಂಬ ಆಸೆಯಿತ್ತಂತೆ. 1940ರಲ್ಲಿ ತಂದೆ ಹೋದರು. ಅದೇ ವರ್ಷ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜರೂ ಹೋದರು. 21ನೆಯ ವಯಸ್ಸಿಗೆ ಸಿಂಹಾಸನ ಬಂತು. ಆಸೆ ಅಲ್ಲಿಗೆ ನಿಂತಿತು.

ನನಗೆ ನಮ್ಮಣ್ಣನ ನೆನಪಾಯಿತು. ಭಜನೆಯಲ್ಲಿ ಹಾರ್ಮೋನಿಯಂ ಹಿಡಿಯುತ್ತಿದ್ದವನು ಅವನು. ಗದುಗಿಗೆ ಹೋಗಿ ಸಂಗೀತ ಕಲಿಯಬೇಕೆಂದಿದ್ದ. ಅಪ್ಪ ಹೋದಾಗ ಅವನಿಗೆ ಹದಿನೆಂಟು. ಬಂದದ್ದು ಸಿಂಹಾಸನವಲ್ಲ, ನಾಲ್ಕು ಎಕರೆ ಹೊಲ. ಅಲ್ಲಿಯ ಮೆಣಸಿನಕಾಯಿ ಬ್ಯಾಡಗಿ ಪೇಟೆಗೆ ಹೋಗಿ ನನ್ನ ಕಾಲೇಜಿನ ಫೀ ಆಗಿ ಬಂತು. ಹಾರ್ಮೋನಿಯಂ ಅಟ್ಟ ಸೇರಿತು. "ಅಣ್ಣಾ, ನಿನಗೆ ಬ್ಯಾಸರಾತೇನು?" ಎಂದು ಇಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

ಯುಗಾದಿಗೆ ಊರಿಗೆ ಹೋದಾಗ ಕಟ್ಟೆಯ ಮೇಲೆ ಅಣ್ಣನ ಮಗ್ಗುಲಿಗೆ ಮೊಬೈಲ್ ಇಟ್ಟು, ಆ ಮೂರನೆಯ ಕಂಚೆರ್ಟೊ ಹಚ್ಚಿದೆ.

"ಏನೋ ತಮ್ಮಾ ಇದು? ಸಂತಿ ಕೂಡಿದಂಗ ಐತಿ" ಎಂದ.

ಒಡೆಯರ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ದೊರಿಗೂ ಬಿಡಲಿಲ್ಲೇನು?" ಎಂದು ಮತ್ತೆ ಸುಮ್ಮನಾದ.

ನೋಡುತ್ತೇನೆ: ಅವನ ಬಲಗೈ ಬೆರಳುಗಳು ಮೊಣಕಾಲ ಮೇಲೆ ಒತ್ತುತ್ತಿವೆ, ಎಡಗೈ, ಇಲ್ಲದ ತಿದಿಯನ್ನು ಮೆಲ್ಲಗೆ ಎಳೆದು ಬಿಡುತ್ತಿದೆ. ಸಂಗೀತ ನಿಂತಿತು. ಇಷ್ಟು ವರ್ಷದ ಆ ಪ್ರಶ್ನೆ ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅಣ್ಣನೇ ಮಾತಾಡಿದ.

"ಇನ್ನೊಮ್ಮೆ ಹಚ್ಚು."

ಹಚ್ಚಿದೆ.