ಬೆಂಗಳೂರಿಗೆ ಹೊರಟ ಕೌದಿ

ಗೋಕಾಕ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಜಲಪಾತ, ಅದು ಬಿಟ್ಟರೆ ಕರದಂಟು. ಘಟಪ್ರಭೆ 52 ಮೀಟರ್ ಆಳಕ್ಕೆ ಧುಮುಕುವುದನ್ನು ನೋಡಿ, ತೂಗುಸೇತುವೆಯತ್ತ ಕಣ್ಣು ಹಾಯಿಸಿ, ಪೇಟೆಯಲ್ಲಿ ಅರ್ಧ ಕಿಲೋ ಕರದಂಟು ಕಟ್ಟಿಸಿಕೊಂಡರೆ ಪ್ರವಾಸ ಮುಗಿಯಿತು. ಜಲಪಾತದ ಮಗ್ಗುಲಲ್ಲೇ 1880ರ ದಶಕದಲ್ಲಿ ಆರಂಭವಾದ ಗಿರಣಿ ಈ ಊರಿಗೆ ನೂಲಿನ ಹೆಸರು ತಂದಿತು. ಆದರೆ ಈ ಸೀಮೆಯ ನೂಲಿನ ಇನ್ನೊಂದು ಕತೆ ಗಿರಣಿಯೊಳಗಿಲ್ಲ. ಅದು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಪಡಸಾಲೆಗಳಲ್ಲಿ, ಮಧ್ಯಾಹ್ನದ ಊಟ ಮುಗಿದು ಮುಸುರೆ ತಿಕ್ಕಿದ ಮೇಲೆ ಶುರುವಾಗುತ್ತದೆ.

ಕೌದಿಯ ಕತೆ ಅದು. ಉಟ್ಟು ಹಳತಾದ ನೂಲಿನ ಸೀರೆ, ಮಾಸಿದ ಧೋತರ, ಕುಬಸದ ತುಂಡು, ಮಕ್ಕಳಿಗೆ ಗಿಡ್ಡಾದ ಅಂಗಿ, ಹೀಗೆ ಗಂಟು ಕಟ್ಟಿಟ್ಟ ಅರಿವೆಗಳೆಲ್ಲ ನೆಲಕ್ಕೆ ಬರುತ್ತವೆ. ಕೆಳಗೊಂದು ಗಟ್ಟಿ ಸೀರೆ ಹಾಸಿ, ಅದರ ಮೇಲೆ ಹರಕು ಅರಿವೆಯ ಪದರು ಹರಡಿ, ಎಲ್ಲಕ್ಕೂ ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಒಳಮುಖವಾಗಿ ಹೊಲಿಯುತ್ತ ಹೋಗಬೇಕು. ಹೊಲದ ಸಾಲಿನಂತೆ ಹೊಲಿಗೆಯ ಸಾಲು. ಎಲ್ಲಾದರೂ ಸುಕ್ಕು ಬಿತ್ತೋ, ಬಿಚ್ಚಿ ಮತ್ತೆ ಹೊಲಿಯಬೇಕು. ಒಬ್ಬಳೇ ಕೂತರೆ ವಾರಗಟ್ಟಲೆ ಕೆಲಸ. ನಾಲ್ಕು ಮಗ್ಗುಲಿಗೆ ಓಣಿಯ ಹೆಂಗಸರು ಕೂತರೆ ಬೇಗ ಮುಗಿಯುತ್ತದೆ. ಹಾಗೆ ಕೂತಾಗ ಸೂಜಿಗಿಂತ ಬಾಯಿಯೇ ಹೆಚ್ಚು ಓಡುತ್ತದೆ ಎಂಬುದು ಕಟ್ಟೆಯ ಮೇಲೆ ಕೂತು ದಿನ ಕಳೆಯುವ ಗಂಡಸರ ಆರೋಪ.

ಕುರಿ ಸಾಕುವ ಮನೆಗಳಲ್ಲಿ ಕಂಬಳಿಯದೂ ಇದೇ ಬಗೆಯ ಅಕ್ಕರೆ. ಹೆಂಗಸರು ಉಣ್ಣೆ ನೂಲುತ್ತಾರೆ, ಗಂಡಸರು ಮಗ್ಗಕ್ಕೆ ಕೂರುತ್ತಾರೆ. ಆದರೆ ಕಂಬಳಿ ಸಂತೆಗೆ ಹೋಗುತ್ತದೆ, ತಾಯಿ ಹೊಲಿದ ಕೌದಿ ಹೋಗುವುದಿಲ್ಲ.

ಹಳೆಯ ಅರಿವೆಗೆ ಮರುಜನ್ಮ ಕೊಡುವ ಈ ವಿದ್ಯೆ ಇಲ್ಲಿಗಷ್ಟೇ ಸೇರಿದ್ದಲ್ಲ. ಬಂಗಾಳದಲ್ಲಿ ಅದು ಕಾಂಥಾ. ಪಕ್ಕದ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳ ಮೂಲೆಗಳಲ್ಲಿ ಹೂವೆಂದು ಕರೆಯುವ ಮಡಿಚಿದ ತುಂಡುಗಳಿರುತ್ತವೆ. ಅವಿಲ್ಲದಿದ್ದರೆ ಕೌದಿ ಪೂರ್ಣವಾದಂತಲ್ಲ.

ಮಗು ಹುಟ್ಟಿದಾಗ ಅಜ್ಜಿ ಕುಂಚಿಗೆ ಹೊಲಿಯುತ್ತಾಳೆ, ಕುಲಾವಿ ಹೊಲಿಯುತ್ತಾಳೆ. ಅವಕ್ಕೆ ಆಯುಷ್ಯ ಕಡಿಮೆ. ವರ್ಷ ತುಂಬುವುದರೊಳಗೆ ತಲೆ ಹಿಡಿಸುವುದಿಲ್ಲ. ಕೌದಿಗೆ ಆ ಚಿಂತೆಯಿಲ್ಲ. ಐದಡಿ ಹತ್ತಂಗುಲ ಬೆಳೆದು, ಮೀಸೆ ಬಂದು, ಬೆಂಗಳೂರಿನ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ಮಗನಿಗೂ ಅದು ಸಾಲುತ್ತದೆ. ಪುಣೆಯಲ್ಲಿ ಸಂಸಾರ ಹೂಡಿದ ಮಗಳಿಗೂ.

ಮೂಡಲಗಿ ಕಡೆಯ ಯಾವ ಹಳ್ಳಿಗೆ ಹೋದರೂ ಇಂಥ ಮಗನ ಬಗ್ಗೆ ದೂರುವ ತಾಯಿ ಸಿಗುತ್ತಾಳೆ. “ರೊಕ್ಕಾ ಕೊಟ್ಟು ಮೆತ್ತಗಿನ ರಗ್ಗು ತಂದಾನ್ರಿ, ಅದು ಬ್ಯಾಡಂತ. ಯವ್ವಾ, ನಿನ್ನ ಕೌದಿ ಇಲ್ಲದ ನಿದ್ದಿ ಹತ್ತಂಗಿಲ್ಲ ಅಂತಾನ. ನನ್ನ ಕಣ್ಣು ಮೊದಲಿನಂಗ ಅದಾವೇನು?” ದೂರಿನ ದನಿಯಲ್ಲೇ ಹೇಳುತ್ತಾಳೆ, ಆದರೆ ಎದುರಿನವರು ಕೇಳದಿದ್ದರೂ ಮತ್ತೊಮ್ಮೆ ಹೇಳುತ್ತಾಳೆ. ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಾಳೆ. ಮಗ ಬಂದಾಗ ಕೌದಿಯ ಮೇಲೆ ಬೆರಳಾಡಿಸಿ, ಇದು ಯಾರ ಸೀರೆ, ಇದು ಅಪ್ಪನ ಧೋತರವಲ್ಲವೇ ಎಂದು ಕೇಳಿದನೆಂದರೆ ಕೂಲಿ ಮುಟ್ಟಿತು.

ತೊಂದರೆ ಬೇರೆಯೇ ಇದೆ. ಈಗ ಮನೆಯಲ್ಲಿ ಉಡುವುದು ಹೆಚ್ಚಾಗಿ ಪಾಲಿಯೆಸ್ಟರ್ ಸೀರೆ. ಅದು ಹರಿಯುವುದೂ ಇಲ್ಲ, ಮೆದುವಾಗುವುದೂ ಇಲ್ಲ. ಪದರು ಪದರಾಗಿ ಹಾಸಿದರೆ ಜಾರುತ್ತದೆ, ಬೆವರು ಹೀರುವುದಿಲ್ಲ. ನೂಲಿನ ಹಳೇ ಸೀರೆಗಾಗಿ ನೆರೆಹೊರೆಯವರನ್ನು ಕೇಳುವಂತಾಗಿದೆ. ನೂಲಿನ ಗಿರಣಿಯ ಸೀಮೆಯಲ್ಲೇ ಈ ಗತಿ.

ಕೌದಿಯ ತೂಕ ತಿಳಿಯಬೇಕಾದರೆ ಮಹಾನವಮಿಗೆ ಮುಂಚೆ ಇತ್ತ ಬರಬೇಕು. ಮನೆಯ ಹಾಸಿಗೆ ಹೊದಿಕೆಗಳೆಲ್ಲ ಗಾಡಿ ಏರಿ ಹೊಳೆಗೆ, ಕಾಲುವೆಗೆ ಹೊರಡುತ್ತವೆ. ನೆನೆದ ಕೌದಿಯನ್ನು ಹಿಂಡಲು ಇಬ್ಬರು ಬೇಕು. ದಂಡೆಯ ಕಲ್ಲು, ಬೇಲಿ, ಬಯಲು ಎಲ್ಲೆಲ್ಲೂ ಬಣ್ಣ. ಹುಕ್ಕೇರಿಯ ಗುಮ್ಮಟಗಳನ್ನು ನೋಡಲು ಬಂದವರು ಈ ಬಣ್ಣಗಳಿಗಾಗಿಯೂ ಒಂದು ಗಳಿಗೆ ನಿಂತರೆ ನಷ್ಟವಿಲ್ಲ.

ಅದೇ ಹೊಳೆ 2019ರ ಆಗಸ್ಟಿನಲ್ಲಿ ತಾನಾಗಿಯೇ ಮನೆಯೊಳಗೆ ಬಂತು. ಗೋಕಾಕದ ಬಳಿಯ ಲೋಳಸೂರು ಸೇತುವೆ ಮುಳುಗಿತು. ಊರಿನ ತಗ್ಗಿನ ಓಣಿಗಳಿಗೂ ದಂಡೆಯ ಹಳ್ಳಿಗಳಿಗೂ ನೀರು ನುಗ್ಗಿತು. ಕಾಳು, ಕಾಗದಪತ್ರ, ದನಗಳ ಗಡಿಬಿಡಿಯಲ್ಲಿ ಕೌದಿಯನ್ನು ಯಾರು ಎತ್ತಿಡಬೇಕು? ಕೆಸರು ಕುಡಿದ ಕೌದಿಯನ್ನು ಎತ್ತುವುದೂ ಕಷ್ಟ, ಒಣಗಿಸುವುದೂ ಕಷ್ಟ. ಹೊಸ ಹೊದಿಕೆ ಪರಿಹಾರವಾಗಿ ಸಿಕ್ಕೀತು. ತೀರಿಹೋದ ಗಂಡನ ಧೋತರದ ತುಂಡು ಅದರಲ್ಲಿರುವುದಿಲ್ಲ. ಅಂಥ ಮನೆಗಳಲ್ಲಿ, ಕೆಲಸಕ್ಕೆಂದು ದೂರದೂರು ಸೇರಿದ ಮಕ್ಕಳ ಬಳಿ ಇದ್ದ ಕೌದಿಯಷ್ಟೇ ಒಣಗಿ ಉಳಿದದ್ದು.

ಸಂಜೆ ಘಟಪ್ರಭಾ ನಿಲ್ದಾಣದಲ್ಲಿ ಬೆಂಗಳೂರಿನ ಕಡೆಯ ರಾಣಿ ಚೆನ್ನಮ್ಮ ರೈಲಿಗೆ ಕಾಯುವವರ ಕೈಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟಿನ ಜೊತೆ ಒಮ್ಮೊಮ್ಮೆ ಇನ್ನೊಂದು ದೊಡ್ಡ ಗಂಟೂ ಇರುತ್ತದೆ. ಸೀಟಿನ ಕೆಳಗೆ ತುರುಕಿದರೆ ಹಿಡಿಸುವುದಿಲ್ಲ, ಮೇಲಿಟ್ಟರೆ ಉರುಳುತ್ತದೆ. ಕಡೆಗೆ ಮಗ ಅದನ್ನೇ ತಲೆಗಿಟ್ಟುಕೊಂಡು ಮಲಗುತ್ತಾನೆ.