ಕಡೆಯ ಪಂಕ್ತಿ

ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಬಂದವರು ಉಣ್ಣದೆ ಹಿಂದಿರುಗುವುದಿಲ್ಲ. ಸಮೀಪದ ಕಳಸದ ಕಡೆಯ ತೋಟದ ಮನೆಗಳಲ್ಲಿಯೂ ಇದೇ ಧರ್ಮ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟನಿಗೂ ಒಂದು ಲೋಟ ಕಾಫಿ, ಎರಡು ಅಕ್ಕಿರೊಟ್ಟಿ ದೊರೆಯದಿರದು. ಆದರೆ ಎಲ್ಲರಿಗೂ ಬಡಿಸುವ ಮನೆಯ ಅನ್ನಪೂರ್ಣೆ ತಾನು ಉಂಡದ್ದು ಯಾವಾಗ ಎಂದು ಕೇಳುವವರು ವಿರಳ. ಕೇಳಬೇಕಾದುದಾದರೂ ಏನು? ಆಕೆಯದು ಎಂದಿಗೂ ಕಡೆಯ ಪಂಕ್ತಿ!

ಹಸಿವನ್ನು ಮುಂದೂಡುವುದು ನಮ್ಮ ಹೆಂಗಸರಿಗೆ ಹುಟ್ಟುಗುಣವೆಂಬಂತೆ ಬಂದಿದೆ. ಅದನ್ನು ತಾಳ್ಮೆಯೆಂದು ಹೊಗಳುತ್ತೇವೆ. ಆದರೆ ಮಧುಮೇಹವು ಮನೆಯನ್ನು ಹೊಕ್ಕರೆ ಈ ತಾಳ್ಮೆಯೇ ಅಪಾಯಕ್ಕೆ ದಾರಿಯಾಗುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ದೇಶದಲ್ಲಿ ಈ ಕಾಯಿಲೆಯುಳ್ಳವರು 10 ಕೋಟಿಗೂ ಮಿಕ್ಕಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಸೌಟು ಹಿಡಿದ ಗೃಹಿಣಿಯರೇ ಅಲ್ಲವೆ?

ಅಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಯಜಮಾನಿಗೆ ಐವತ್ತು ದಾಟಿದೆ. ಮಾತ್ರೆಗೆ ಸಕ್ಕರೆಯ ಅಂಶ ಹತೋಟಿಗೆ ಬಾರದಿದ್ದಾಗ ವೈದ್ಯರು ಇನ್ಸುಲಿನ್ ಬರೆದುಕೊಟ್ಟಿದ್ದಾರೆ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಕಂಡುಹಿಡಿದ ಈ ಔಷಧ ಲೋಕಕ್ಕೇ ಸಂಜೀವಿನಿ. ಆದರೆ ಸಂಜೀವಿನಿಗೂ ಒಂದು ನಿಯಮವುಂಟು. “ಚುಚ್ಚಿಕೊಂಡ ಅರ್ಧ ಗಂಟೆಯೊಳಗೆ ಊಟ ಮಾಡಬೇಕಮ್ಮ” ಎಂದಿದ್ದಾರೆ ವೈದ್ಯರು.

ಕಾಫಿ ಕೊಯ್ಲಿನ ಕಾಲ. ಕಣದ ತುಂಬ ಹಣ್ಣು ಹರವಿದೆ. ಮಧ್ಯಾಹ್ನ ಆಕೆ ಇನ್ಸುಲಿನ್ ಚುಚ್ಚಿಕೊಂಡು ತಟ್ಟೆಯನ್ನು ಎಳೆದುಕೊಳ್ಳುವಷ್ಟರಲ್ಲಿ ಅಂಗಳದಲ್ಲಿ ಜೀಪಿನ ಸದ್ದು. ಯಜಮಾನರ ಅಕ್ಕನ ಗಂಡ, ಜೊತೆಗೆ ಇಬ್ಬರು ಸ್ನೇಹಿತರು. ತಟ್ಟೆ ಮೂಲೆ ಸೇರಿತು. ಒಲೆಯ ಮೇಲೆ ಕಾವಲಿ ಏರಿತು. ಒಂದು ಗಂಟೆ ಕಳೆಯಿತು. ಸಾರು ಬಡಿಸುತ್ತಿದ್ದ ಕೈ ನಡುಗಿತು, ಹಣೆಯಲ್ಲಿ ಬೆವರೊಡೆಯಿತು. ಸೊಸೆ ಏನೋ ಕೇಳಿದ್ದಕ್ಕೆ ಎಂದೂ ಇಲ್ಲದ ಸಿಡುಕು. ‘ಅತ್ತೆಗೆ ಇಂದು ನನ್ನ ಮೇಲೇಕೆ ಕೋಪ?’ ಎಂದು ಸೊಸೆ ನೊಂದುಕೊಂಡಳು. ಅಷ್ಟರಲ್ಲಿ ಸೌಟು ಕೈಜಾರಿ ಬಿತ್ತು. ಆಕೆ ಗೋಡೆಗೊರಗಿ ಕುಸಿದಳು.

ಅದು ಕೋಪವಾಗಿರಲಿಲ್ಲ, ರಕ್ತದ ಸಕ್ಕರೆ ಇಳಿದುಹೋಗಿತ್ತು. ಪುಣ್ಯಕ್ಕೆ ಎಚ್ಚರ ತಪ್ಪಿರಲಿಲ್ಲ. ಸೊಸೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದಳು. ಕಾಲು ಗಂಟೆಯಲ್ಲಿ ಮುಖಕ್ಕೆ ಕಳೆ ಬಂದಿತು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಓಡಬೇಕಾಗುತ್ತಿತ್ತು. ಘಟ್ಟದ ತಿರುವುಗಳಲ್ಲಿ ಆಸ್ಪತ್ರೆ ಹತ್ತಿರವೇ?

ಅಂದಿನಿಂದ ಮನೆಯವರೆಲ್ಲರೂ ವೈದ್ಯರಾದರು! ಯಜಮಾನರು ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೇರಿಸಿದರು. ಮಗ, “ಅಮ್ಮಾ, ಅನ್ನ ಸಾಕು” ಎಂದ. ಮದುವೆಮನೆಯ ಪಂಕ್ತಿಯಲ್ಲಿ, “ಅವಳಿಗೆ ಶುಗರ್, ಹೋಳಿಗೆ ಹಾಕಬೇಡಿ” ಎಂದು ಯಜಮಾನರು ಗಟ್ಟಿಯಾಗಿ ಸಾರಿದರು. ಹತ್ತು ಮಂದಿ ತಿರುಗಿ ನೋಡಿದರು. ಆಕೆ ತಲೆ ತಗ್ಗಿಸಿದಳು. ಹಲಸಿನ ಕಾಲ ಬಂದಾಗ, ಎಲ್ಲರೂ ಮಲಗಿದ ಮೇಲೆ, ತಾನೇ ಮಾಡಿದ ಕಡುಬನ್ನು ಕತ್ತಲಲ್ಲಿ ಕಳ್ಳಿಯಂತೆ ತಿಂದಳು. ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಏರಿತ್ತು. “ಇಷ್ಟು ನೋಡಿಕೊಂಡರೂ ಹೀಗೆ!” ಎಂದರು ಯಜಮಾನರು.

ಅಂದು ರಾತ್ರಿ ಆಕೆ ಸೊಸೆಯ ಬಳಿ ಹೇಳಿದ್ದು ಒಂದೇ ಮಾತು: “ನನಗೆ ಕಾವಲು ಕಾಯುವವರು ಬೇಡ ಮಗಳೇ, ಜೊತೆಯಲ್ಲಿ ಕೂತು ಉಣ್ಣುವವರು ಬೇಕು.”

ಸೊಸೆ ಆ ಮಾತನ್ನು ಮರೆಯಲಿಲ್ಲ. ಮರುದಿನದಿಂದ ಹೊತ್ತಿಗೆ ಸರಿಯಾಗಿ ಎರಡು ತಟ್ಟೆ ಇಟ್ಟಳು. ಅನ್ನ ಎಲ್ಲರ ತಟ್ಟೆಯಲ್ಲಿಯೂ ಒಂದು ಸೌಟು ಕಡಿಮೆಯಾಯಿತು. ಸೊಪ್ಪಿನ ಪಲ್ಯ, ಹುರುಳಿಯ ಸಾರು ಹೆಚ್ಚಾದವು. ಕಡುಬು ಮಾಡಿದ ದಿನ ಎಲ್ಲರೆದುರಿಗೇ ಆಕೆಗೊಂದು ಸಣ್ಣ ತುಂಡು. ಅಂದು ಅನ್ನ ಅಷ್ಟೇ ಕಡಿಮೆ. ಯಜಮಾನರು ಬಹಳ ಕಷ್ಟಪಟ್ಟು ಸಕ್ಕರೆಯಿಲ್ಲದ ಕಾಫಿಗೆ ನಾಲಗೆಯನ್ನು ಒಗ್ಗಿಸಿಕೊಂಡರು. ಸಂಜೆ ಹೆಂಡತಿಯೊಡನೆ ಗೇಟಿನವರೆಗೆ ನಡೆಯತೊಡಗಿದರು. ಮರ ಬಿದ್ದು ರಸ್ತೆ ಕಟ್ಟುವ ಮಳೆಗಾಲಕ್ಕೆ ಸೌದೆ ಕೂಡಿಡುವಾಗ, ಮಗ ಮೂಡಿಗೆರೆಯಿಂದ ಇನ್ಸುಲಿನನ್ನೂ ತಂದಿಟ್ಟ.

ಕಾಯಿಲೆ ಹೋಯಿತೆ? ಇಲ್ಲ, ಅದು ಹೋಗುವಂಥದಲ್ಲ. ಆದರೆ ಆಕೆ ಒಂಟಿಯಾಗಿ ಹೊರುತ್ತಿದ್ದ ಹೊರೆಗೆ ನಾಲ್ಕು ಹೆಗಲು ಬಂದವು. ಚೀಟಿಯಲ್ಲಿ ಔಷಧವನ್ನೂ ಹೊತ್ತನ್ನೂ ವೈದ್ಯರು ಬರೆಯಬಲ್ಲರು. ಆ ಹೊತ್ತನ್ನು ಆಕೆಗೆ ಬಿಟ್ಟುಕೊಡಬೇಕಾದವರು ಮನೆಯವರು.

ಮತ್ತೆ ಕೊಯ್ಲು ಬಂದಿತು. ಮಧ್ಯಾಹ್ನ ಅದೇ ಜೀಪು ಅಂಗಳಕ್ಕೆ ಬಂದು ನಿಂತಿತು. ಆಕೆ ಅಭ್ಯಾಸಬಲದಿಂದ ಎದ್ದು ನಿಂತಳು. ಯಜಮಾನರು ಕೈಯಲ್ಲೇ ಸನ್ನೆ ಮಾಡಿ ಆಕೆಯನ್ನು ಕೂರಿಸಿ, ಬಾಗಿಲಿಗೆ ಬಂದರು.

“ಬನ್ನಿ ಭಾವ, ಕೈಕಾಲು ತೊಳೆದುಕೊಳ್ಳಿ. ಅವಳು ಊಟಕ್ಕೆ ಕೂತಿದ್ದಾಳೆ. ಇವತ್ತು ಬಡಿಸುವವನು ನಾನು.”

ಭಾವ ಒಂದು ಗಳಿಗೆ ಬೆರಗಾಗಿ ನಿಂತರು. ಬಳಿಕ ನಕ್ಕು, “ಸಾರು ಚೆಲ್ಲಬೇಡ ಮಾರಾಯ” ಎನ್ನುತ್ತ ಒಳಗೆ ಬಂದು ಆಕೆಯ ಪಂಕ್ತಿಯಲ್ಲಿಯೇ ಕುಳಿತರು.